ಇನ್ಸುಲಿನ್ ಕಿಟ್ ಹಿಡಿದು ಕೆಲಸಕ್ಕೆ ಹೊರಟವಳಿಗೆ

ಕೆಲಸ ಸಿಕ್ಕಿತು ಅಂದಾಗ ಮನೆಯವರೆಲ್ಲ ಸಂಬಳ ಎಷ್ಟು, ಪಿ.ಜಿ. ಎಲ್ಲಿ, ಊಟ ಹೇಗೆ ಎಂದು ಕೇಳಿದರು. ನೀನು ನನಗೆ ಬೇರೆಯಾಗಿ ಫೋನ್ ಮಾಡಿ ಕೇಳಿದ್ದು ಒಂದೇ ಮಾತು: "ಅತ್ತೆ, ಇನ್ಸುಲಿನ್ ತಗೋತೀನಿ ಅಂತ ಆಫೀಸಲ್ಲಿ ಹೇಳಬೇಕಾ?" ಫೋನಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲ ಇದು. ಕಾರ್ಖಾನೆಯೊಂದರ ಆರೋಗ್ಯ ಕೇಂದ್ರದಲ್ಲಿ ನರ್ಸಾಗಿ ಸರ್ವೀಸು ಪೂರ್ತಿ ಕಳೆದವಳು ನಾನು. ಸಕ್ಕರೆ ಕಾಯಿಲೆ ಇರುವವರು ಕೆಲಸದ ಜಾಗದಲ್ಲಿ ಏನೇನು ಅನುಭವಿಸುತ್ತಾರೆ ಎಂಬುದನ್ನು ಹತ್ತಿರದಿಂದ ಕಂಡಿದ್ದೇನೆ. ಅದಕ್ಕೇ ಬರೆದು ಹೇಳುತ್ತಿದ್ದೇನೆ. ನಿನ್ನ ಹಾಗೆ ಕಿಟ್ ಹಿಡಿದು ಹೊರಟ ಬೇರೆ ಮಕ್ಕಳೂ ಓದಲಿ, ಅವರಿಂದ ಕೆಲಸ ತೆಗೆಯುವ ಮ್ಯಾನೇಜರುಗಳೂ ಓದಲಿ.

ಹೇಳಬೇಕು ಮಗಳೇ. ಆದರೆ ಯಾವಾಗ, ಯಾರಿಗೆ, ಎಷ್ಟು ಎಂಬುದು ನಿನ್ನ ಕೈಯಲ್ಲಿರಲಿ.

ಸಂದರ್ಶನದಲ್ಲಿ ಯಾರೂ ಕೇಳದಿದ್ದರೆ ನೀನಾಗಿ ಎತ್ತಬೇಡ. ಅಲ್ಲಿ ತೂಗಬೇಕಾದ್ದು ನಿನ್ನ ವಿದ್ಯೆಯನ್ನು, ಕೆಲಸ ಮಾಡುವ ಶಕ್ತಿಯನ್ನು. ನೇಮಕದ ಆದೇಶ ಕೈಗೆ ಬಂದ ಮೇಲೆ, ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಹೇಳು. ನಡುವೆ ವೈದ್ಯಕೀಯ ಪರೀಕ್ಷೆ ಮಾಡಿಸಿ, ಫಾರಂ ಕೊಟ್ಟು, 'ಮಧುಮೇಹ ಇದೆಯೇ' ಎಂದು ಕೇಳಿದರೆ ಮಾತ್ರ 'ಇಲ್ಲ' ಎಂಬುದಕ್ಕೆ ಗುರುತು ಹಾಕಬೇಡ. ಕಾಯಿಲೆಯ ಕಾರಣಕ್ಕೆ ನಿನ್ನನ್ನು ತೆಗೆಯುವುದು ಕಂಪನಿಗೆ ಅಷ್ಟು ಸುಲಭವಲ್ಲ. ಸುಳ್ಳು ಮಾಹಿತಿ ಕೊಟ್ಟಳು ಎಂಬ ಕಾರಣಕ್ಕೆ ತೆಗೆಯುವುದು ಬಹಳ ಸುಲಭ. ಆ ಆಯುಧವನ್ನು ನೀನಾಗಿ ಅವರ ಕೈಗೆ ಕೊಡಬೇಡ. ಆರೋಗ್ಯ ವಿಮೆಯ ಫಾರಂಗೂ ಇದೇ ಮಾತು. ಕಂಪನಿಯ ಗುಂಪು ವಿಮೆಯಲ್ಲಿ ಹಳೆಯ ಕಾಯಿಲೆಗೂ ಮೊದಲ ದಿನದಿಂದಲೇ ರಕ್ಷಣೆ ಸಿಗುವುದು ಹೆಚ್ಚು. ನೀನೇ ಸ್ವಂತ ಪಾಲಿಸಿ ಮಾಡಿಸಿದರೂ, ಮೊದಲೇ ಇದ್ದ ಕಾಯಿಲೆಗೆ ಕಾಯಿಸಬಹುದಾದ ಗರಿಷ್ಠ ಅವಧಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ 48 ತಿಂಗಳಿಂದ 36 ತಿಂಗಳಿಗೆ ಇಳಿಸಿದೆ. ಮುಚ್ಚಿಟ್ಟು ಮಾಡಿಸಿದ ಪಾಲಿಸಿ ಆಸ್ಪತ್ರೆಯ ಬಿಲ್ಲು ಬಂದ ದಿನವೇ ಕೈಕೊಡುತ್ತದೆ.

ಮುಚ್ಚಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನಾನು ಕಂಡ ಒಂದು ಪ್ರಸಂಗ ಹೇಳುತ್ತೇನೆ. ಪ್ರೆಸ್ ಸೆಕ್ಷನ್ನಿನಲ್ಲಿ ಒಬ್ಬ ಆಪರೇಟರ್ ಇದ್ದ. ಒಳ್ಳೆಯ ಕೆಲಸಗಾರ. ಬೆಳಗ್ಗೆ ಮನೆಯಲ್ಲಿ ಇನ್ಸುಲಿನ್ ಹಾಕಿಕೊಂಡು ಬರುತ್ತಿದ್ದ, ಕಾರ್ಖಾನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಒಂದು ದಿನ ರಿಲೀವರ್ ಬರಲಿಲ್ಲ, ಊಟ ತಡವಾಯಿತು. ಮೈಯೆಲ್ಲ ಬೆವರು, ಕೈ ನಡುಕ, ಕೇಳಿದ ಪ್ರಶ್ನೆಗೆ ಅಡ್ಡಾದಿಡ್ಡಿ ಉತ್ತರ. ಸೂಪರ್‌ವೈಸರ್‌ಗೆ ಬಂದ ಮೊದಲ ಅನುಮಾನ, ಕುಡಿದು ಬಂದಿದ್ದಾನೆ ಎಂದು. ಸೆಕ್ಯುರಿಟಿಯವನನ್ನು ಕರೆಸಿ ಬಾಯಿ ಮೂಸಿಸಿದರು. ಮೆಮೊ ಬರೆಯಲು ಕೂತರು. ಅವನನ್ನು ನನ್ನ ಹತ್ತಿರ ಕರೆತಂದದ್ದೂ ಚಿಕಿತ್ಸೆಗಲ್ಲ, ಕುಡಿದಿದ್ದಾನೆಂದು ಸರ್ಟಿಫಿಕೇಟು ಬೇಕಿತ್ತು. ಬೆರಳು ಚುಚ್ಚಿ ನೋಡಿದರೆ ಸಕ್ಕರೆ 41. ಇನ್ನೂ ನುಂಗುವ ಸ್ಥಿತಿಯಲ್ಲಿದ್ದ. ಗ್ಲೂಕೋಸ್ ನೀರು ಕುಡಿಸಿದೆ. ಸ್ವಲ್ಪ ಹೊತ್ತಿಗೆ ಕಣ್ಣು ತಿಳಿಯಾಯಿತು. "ಯಾಕೆ ಸಿಸ್ಟರ್, ಇಷ್ಟು ಜನ ನಿಂತಿದಾರೆ?" ಎಂದು ನನ್ನನ್ನೇ ಕೇಳಿದ. ಪ್ರೆಸ್ಸಿನ ಕೆಳಗೆ ಅವನ ಕೈ ಹೋಗದಿದ್ದದ್ದು ಅದೃಷ್ಟ.

ಯಾಕಪ್ಪಾ ಹೇಳಲಿಲ್ಲ ಎಂದು ಕೇಳಿದೆ. ಹೇಳಿದರೆ ಮೆಷಿನ್ನಿನಿಂದ ತೆಗೆದು ಪ್ಯಾಕಿಂಗಿಗೆ ಹಾಕುತ್ತಾರೆ, ಇನ್ಸೆಂಟಿವ್ ಹೋಗುತ್ತದೆ, ಮನೆ ಸಾಲ ಇದೆ ಅಂದ. ಆಡಳಿತದವರನ್ನು ಕೇಳಿದರೆ ಅವರದ್ದೂ ಭಯದ ಮಾತೇ. ಇಂಥವರನ್ನು ಇಟ್ಟುಕೊಂಡು ನಾಳೆ ಏನಾದರೂ ಆದರೆ ಹೊಣೆ ಯಾರದು, ಕೇಸು ನಮ್ಮ ಮೇಲೆ ಬರುವುದಿಲ್ಲವೇ ಎಂದರು. ಕೆಲಸಗಾರ ಹೆದರಿ ಬಚ್ಚಿಡುತ್ತಾನೆ, ಕಂಪನಿ ಹೆದರಿ ದೂರ ತಳ್ಳುತ್ತದೆ. ಈ ಎರಡು ಹೆದರಿಕೆಗಳ ನಡುವೆ ಅಪಾಯ ಆರಾಮಾಗಿ ಬೆಳೆಯುತ್ತದೆ. ಇಬ್ಬರ ಹೆದರಿಕೆಗೂ ನನಗೆ ತಿಳಿದ ಮದ್ದು ಒಂದೇ: ಯಾರು ಏನು ಮಾಡಬೇಕು, ಏನು ಮಾಡಬಾರದು ಎಂದು ಮೊದಲೇ ಬರೆದು, ಇಬ್ಬರೂ ಸಹಿ ಹಾಕಿದ ಒಂದು ಪುಟ. ಆ ಪ್ರಸಂಗದ ನಂತರ ಅವನಿಗೆ ಅಂಥದ್ದೊಂದು ಪುಟ ಮಾಡಿಸಿದೆವು. ಕಾರ್ಖಾನೆಯ ಡಾಕ್ಟರು ಬರೆದುಕೊಟ್ಟ ಮೇಲೆ ಮೆಮೊ ಹಿಂದೆ ಹೋಯಿತು. ಅವನು ಅದೇ ಮೆಷಿನ್ನಿನಲ್ಲಿ ಕೆಲಸ ಮುಂದುವರಿಸಿದ, ಊಟದ ಹೊತ್ತಿಗೆ ರಿಲೀವರ್ ಕಡ್ಡಾಯ ಎಂಬ ಷರತ್ತಿನ ಮೇಲೆ.

ಆ ಪುಟದಲ್ಲಿ ಏನಿರಬೇಕು ಎಂಬುದನ್ನು ನಿಧಾನವಾಗಿ ಓದು, ಈ ಕಾಗದದಲ್ಲಿ ಮುಖ್ಯವಾದದ್ದು ಇದೇ.

ಮೊದಲಿಗೆ ನಿನ್ನ ಡಾಕ್ಟರ ಸಹಿ ಇರುವ ಎರಡು ಸಾಲು: ಇವರಿಗೆ ಟೈಪ್ 1 ಮಧುಮೇಹ ಇದೆ, ಇಂತಿಂಥ ಹೊತ್ತಿಗೆ ಇನ್ಸುಲಿನ್ ಬೇಕು, ಈ ಹುದ್ದೆಯ ಕೆಲಸಕ್ಕೆ ಸಮರ್ಥರು. ಅಷ್ಟು ಸಾಕು. ನಿನ್ನ ಮೂರು ತಿಂಗಳ ಸರಾಸರಿ ಸಕ್ಕರೆ ಎಷ್ಟು, ಯಾವಾಗ ಆಸ್ಪತ್ರೆ ಸೇರಿದ್ದೆ, ಮದುವೆ, ಮಕ್ಕಳ ಮಾತು, ಇವು ಯಾವುದೂ ಎಚ್‌ಆರ್‌ಗೆ ಸಂಬಂಧಿಸಿದ್ದಲ್ಲ. ಕೇಳಿದರೆ, "ಕೆಲಸಕ್ಕೆ ಬೇಕಾದ್ದನ್ನು ಡಾಕ್ಟರ್ ಬರೆದಿದ್ದಾರೆ" ಎಂದು ವಿನಯದಿಂದ ಹೇಳಿ ನಿಲ್ಲಿಸು.

ಆಮೇಲೆ ಹೊತ್ತಿನ ಮಾತು. ಊಟದ ಮುಂಚೆ ಹಾಕಿಕೊಳ್ಳುವ ಬೇಗ ಕೆಲಸ ಮಾಡುವ ಇನ್ಸುಲಿನ್ ಒಳಗೆ ಹೋದ ಮೇಲೆ ಊಟ ಕಾಯಬಾರದು. ಆಫೀಸುಗಳಲ್ಲಿ ಶುಗರ್ ಲೋ ಆಗುವುದು ಬಹಳ ಸಲ ಇಲ್ಲೇ. ಸೂಜಿ ಹಾಕಿಕೊಂಡು ಕ್ಯಾಂಟೀನಿಗೆ ಹೊರಡುವಷ್ಟರಲ್ಲಿ, "ಎರಡೇ ನಿಮಿಷ, ಕ್ಲೈಂಟ್ ಕಾಲ್" ಎಂದು ಯಾರೋ ಕರೆಯುತ್ತಾರೆ. ಆ ಎರಡು ನಿಮಿಷ ನಲವತ್ತಾಗುತ್ತದೆ. ಆದ್ದರಿಂದ ಪುಟದಲ್ಲಿ ಸ್ಪಷ್ಟವಾಗಿ ಬರೆಸು: ಇನ್ಸುಲಿನ್ ತೆಗೆದುಕೊಂಡ ಮೇಲೆ ಊಟಕ್ಕೆ ಹೋಗುವುದನ್ನು ಯಾರೂ ತಡೆಯುವಂತಿಲ್ಲ. ನೀನೂ ಒಂದು ನಿಯಮ ಇಟ್ಟುಕೋ, ತಟ್ಟೆ ಕಣ್ಣಿಗೆ ಬೀಳುವವರೆಗೆ ಇನ್ಸುಲಿನ್ ಪೆನ್ನು ತೆಗೆಯಬೇಡ. ಡಾಕ್ಟರು ಬೇರೆ ಹೇಳಿದ್ದರೆ ಅವರ ಮಾತೇ ಮೊದಲು.

ಮೂರನೆಯದು ಜಾಗ. ಎಷ್ಟೋ ಹೆಣ್ಣುಮಕ್ಕಳು ಶೌಚಾಲಯದ ಬಾಗಿಲು ಹಾಕಿಕೊಂಡು, ಪೆನ್ನನ್ನು ಹಲ್ಲಲ್ಲಿ ಕಚ್ಚಿಕೊಂಡು, ಕುರ್ತಾ ಎತ್ತಿ ಸೂಜಿ ಹಾಕಿಕೊಳ್ಳುತ್ತಾರೆ. ನನಗೆ ಅದನ್ನು ಕೇಳಿದರೆ ಹೊಟ್ಟೆ ಉರಿಯುತ್ತದೆ. ಊಟವನ್ನು ಅಲ್ಲಿ ಮಾಡುತ್ತೇವೆಯೇ? ಔಷಧವನ್ನು ಯಾಕೆ ಅಲ್ಲಿ ತೆಗೆದುಕೊಳ್ಳಬೇಕು? ಬೆಳಕು, ಕೈ ತೊಳೆಯಲು ನೀರು, ಒಂದು ಮೇಜು, ಬಾಗಿಲಿಗೆ ಚಿಲಕ ಇರುವ ಕೋಣೆ ಕೇಳು. ತಾಯಂದಿರ ಕೋಣೆಯೋ, ವಿಶ್ರಾಂತಿ ಕೋಣೆಯೋ, ಖಾಲಿ ಮೀಟಿಂಗ್ ಕೋಣೆಯೋ ಸಾಕು. ನಿನ್ನ ಮೇಜಿನ ಹತ್ತಿರವೇ ಹಾಕಿಕೊಳ್ಳಲು ನಿನಗೆ ಸಂಕೋಚ ಇಲ್ಲದಿದ್ದರೆ ಅದೂ ತಪ್ಪಲ್ಲ, ಅದನ್ನೂ ಬರೆಸು.

ನಾಲ್ಕನೆಯದು ಈ ಕಾಲದ್ದು. ನಿನ್ನ ತೋಳಿನ ಸೆನ್ಸರ್ ಸಕ್ಕರೆಯ ಲೆಕ್ಕವನ್ನು ಫೋನಿಗೆ ಕಳಿಸುತ್ತದೆ. ಆದರೆ ಗ್ರಾಹಕರ ಗುಟ್ಟು ಕಾಯುವ ಎಷ್ಟೋ ಕಂಪನಿಗಳಲ್ಲಿ ಕೆಲಸದ ಕೋಣೆಯೊಳಗೆ ಫೋನ್ ಬಿಡುವುದಿಲ್ಲ, ಬಾಗಿಲಲ್ಲೇ ಲಾಕರಿಗೆ ಹಾಕಿಸುತ್ತಾರೆ. ನಿನ್ನ ಫೋನ್ ಲಾಕರಿನಲ್ಲಿ ಕೂಗಿಕೊಂಡರೆ ನಿನಗೆ ಕೇಳುವುದಾದರೂ ಹೇಗೆ? ಸೆನ್ಸರಿನ ಜೊತೆ ಬರುವ ರೀಡರ್ ಒಳಗೆ ತರಲಾದರೂ ಅನುಮತಿ ಬೇಕು. ಗ್ಲೂಕೋಸ್ ಪುಡಿ, ಜ್ಯೂಸ್, ಬಿಸ್ಕತ್ತು ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಳ್ಳಲೂ ಅನುಮತಿ ಬೇಕು. ಟೈಪ್ 1 ಮಧುಮೇಹ ಇರುವ ಮಕ್ಕಳು ಸಕ್ಕರೆ ಮಾತ್ರೆ, ಹಣ್ಣು, ನೀರನ್ನು ಪರೀಕ್ಷಾ ಕೋಣೆಯೊಳಗೇ ಒಯ್ಯಬಹುದೆಂದು ಸಿಬಿಎಸ್‌ಇ 2017ರಲ್ಲೇ ಒಪ್ಪಿದೆ. ಬೋರ್ಡ್ ಪರೀಕ್ಷೆಯ ಕೋಣೆಯಲ್ಲಿ ಆಗುವುದು ಆಫೀಸಿನ ಮೇಜಿನಲ್ಲಿ ಆಗದು ಎನ್ನಲು ಯಾರ ಬಳಿಯೂ ಕಾರಣವಿರಲಾರದು.

ಕೊನೆಗೆ, ಲೋ ಆದರೆ ಸುತ್ತಲಿದ್ದವರು ಏನು ಮಾಡಬೇಕು ಎಂಬುದು. ಇದನ್ನು ನಿನ್ನ ಪಕ್ಕದಲ್ಲಿ ಕೂರುವ ಇಬ್ಬರಿಗಾದರೂ ಬಾಯಿಬಿಟ್ಟು ಹೇಳು, ಒಬ್ಬರು ರಜೆಯಲ್ಲಿದ್ದರೆ ಇನ್ನೊಬ್ಬರು ಇರುತ್ತಾರೆ. ಸಕ್ಕರೆ 70ಕ್ಕಿಂತ ಕೆಳಗೆ ಬಂದರೆ 15 ಗ್ರಾಂ ಗ್ಲೂಕೋಸ್, ಅಂದರೆ ಮೂರು ಚಮಚದಷ್ಟು ಪುಡಿ ನೀರಿನಲ್ಲಿ ಕಲಸಿ ಕುಡಿಯಬೇಕು. 15 ನಿಮಿಷ ಬಿಟ್ಟು ಮತ್ತೆ ನೋಡಬೇಕು, ಏರದಿದ್ದರೆ ಇನ್ನೊಮ್ಮೆ ಕುಡಿಯಬೇಕು. ಚಾಕೊಲೇಟು ಕೊಡಲು ಎಲ್ಲರೂ ಓಡುತ್ತಾರೆ, ಅದರಲ್ಲಿನ ಕೊಬ್ಬಿನಿಂದಾಗಿ ಸಕ್ಕರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ, ಅದು ಬೇಡ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಒಂದು ತೊಟ್ಟೂ ಹಾಕಬಾರದು, ಶ್ವಾಸನಾಳಕ್ಕೆ ಹೋಗುತ್ತದೆ. ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಬೇಕು. ಮತ್ತೆ, ಯಾವ ಕಾರಣಕ್ಕೂ ಇನ್ಸುಲಿನ್ ಚುಚ್ಚಬಾರದು. "ಶುಗರ್ ಪೇಷಂಟ್ ಬಿದ್ದಿದ್ದಾಳೆ, ಬ್ಯಾಗಲ್ಲಿ ಇಂಜೆಕ್ಷನ್ ಇದೆ, ಹಾಕಿಬಿಡಿ" ಎಂದು ಒಳ್ಳೆಯ ಮನಸ್ಸಿನವರೇ ಹೇಳಿಬಿಡುತ್ತಾರೆ. ಬಿದ್ದವಳ ಸಕ್ಕರೆ ಮೊದಲೇ ಪಾತಾಳದಲ್ಲಿರುತ್ತದೆ. ಈ ಒಂದು ಸಾಲನ್ನು ಪುಟದಲ್ಲಿ ದಪ್ಪ ಅಕ್ಷರದಲ್ಲಿ ಬರೆಸು.

ಸಹಾಯಕ್ಕೆ ಬಂದವರಿಗೂ ಒಂದು ಅಳುಕು ಇರುತ್ತದೆ: ನಾನು ಮುಟ್ಟಿ ಏನಾದರೂ ಹೆಚ್ಚುಕಮ್ಮಿ ಆದರೆ ಪೊಲೀಸರು ನನ್ನನ್ನು ಹಿಡಿಯುತ್ತಾರಾ? ಪ್ರಜ್ಞೆಯಿಲ್ಲದವರ ಒಳಿತಿಗಾಗಿ, ಸದುದ್ದೇಶದಿಂದ, ಅವರ ಒಪ್ಪಿಗೆ ಪಡೆಯುವ ಸ್ಥಿತಿ ಇಲ್ಲದಾಗ ಮಾಡಿದ ಕೆಲಸವನ್ನು ನಮ್ಮ ಕಾನೂನು ಅಪರಾಧವೆಂದು ಎಣಿಸುವುದಿಲ್ಲ. ಹಳೆಯ ದಂಡ ಸಂಹಿತೆಯ 92ನೇ ಕಲಮಿನಲ್ಲಿ ಇದ್ದದ್ದು ಈಗ ಭಾರತೀಯ ನ್ಯಾಯ ಸಂಹಿತೆಯ 30ನೇ ಕಲಮಿನಲ್ಲಿದೆ. ಮಗ್ಗುಲಿಗೆ ಮಲಗಿಸಿದ, ಆಂಬುಲೆನ್ಸ್ ಕರೆದ ಸಹೋದ್ಯೋಗಿ ಹೆದರಬೇಕಾದ್ದೇನೂ ಇಲ್ಲ. ಪುಟದಲ್ಲಿ ಬರೆದದ್ದನ್ನು ಬರೆದ ಹಾಗೆ ಮಾಡಿದವನಿಗಂತೂ ಇನ್ನೂ ನಿಶ್ಚಿಂತೆ.

ಇನ್ನು ಕಾನೂನು ನಿನ್ನ ಬೆನ್ನಿಗೆ ಎಷ್ಟು ನಿಲ್ಲುತ್ತದೆ ಎಂಬುದನ್ನು ಇದ್ದ ಹಾಗೇ ಹೇಳಬೇಕು. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡುತ್ತದೆ. ಅದರಲ್ಲಿ ಮಧುಮೇಹದ ಹೆಸರಿಲ್ಲ. ಇನ್ಸುಲಿನ್ ಹಾಕಿಕೊಳ್ಳುವ ನೌಕರರಿಗೆ ಇಂತಿಷ್ಟು ಅನುಕೂಲ ಮಾಡಿಕೊಡಲೇಬೇಕು ಎಂದು ನೇರವಾಗಿ ಹೇಳುವ ಕಾಯ್ದೆ ನಮ್ಮಲ್ಲಿಲ್ಲ. ಇದು ದೊಡ್ಡ ಕೊರತೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ಈ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಜನಕ್ಕೆ ಸಕ್ಕರೆ ಕಾಯಿಲೆ ಇದೆ. ಅವರಲ್ಲಿ ದುಡಿಯುವ ವಯಸ್ಸಿನವರು ಎಷ್ಟು ಮಂದಿ ಇರಬೇಕು ಯೋಚಿಸು. ಆದರೂ 2021ರಲ್ಲಿ ಸುಪ್ರೀಂ ಕೋರ್ಟು ವಿಕಾಸ್ ಕುಮಾರ್ ಪ್ರಕರಣದಲ್ಲಿ, ಬರೆಯುವಾಗ ಕೈ ಸೆಳೆತ ಬರುವ ಅಭ್ಯರ್ಥಿಯ ಪರವಾಗಿ, ಸೂಕ್ತ ಅನುಕೂಲ ಕಲ್ಪಿಸುವ ಹೊಣೆ ನಲವತ್ತು ಶೇಕಡಾ ಅಂಗವೈಕಲ್ಯದ ಸರ್ಟಿಫಿಕೇಟು ಇದ್ದವರಿಗಷ್ಟೇ ಸೀಮಿತವಲ್ಲ ಎಂದಿತು. ನಾಳೆ ಕೋರ್ಟಿಗೆ ಹೋಗುವ ಸಂದರ್ಭ ಬಂದರೆ ವಕೀಲರಿಗೆ ಆ ತೀರ್ಪು ಒಂದು ಆಸರೆ.

ಅಲ್ಲಿಯವರೆಗೆ ಎಲ್ಲ ನೌಕರರಿಗೂ ಇರುವ ಹಕ್ಕುಗಳನ್ನೇ ನೀನು ಚೆನ್ನಾಗಿ ಬಳಸಿಕೊಳ್ಳಬೇಕು. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಸತತ ಐದು ಗಂಟೆಗಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ, ನಡುವೆ ಕನಿಷ್ಠ ಒಂದು ಗಂಟೆ ವಿರಾಮ ಕೊಡಬೇಕು. ಕಾಯಿಲೆಯ ಕಾರಣಕ್ಕೆ ವರ್ಷಕ್ಕೆ 12 ದಿನದವರೆಗೆ ಸಂಬಳ ಸಹಿತ ರಜೆ ಇದೆ. ಆರು ತಿಂಗಳು ಸೇವೆ ಸಲ್ಲಿಸಿದವರನ್ನು ಸಕಾರಣವಿಲ್ಲದೆ, ಒಂದು ತಿಂಗಳ ನೋಟಿಸನ್ನೋ ಅದರ ಸಂಬಳವನ್ನೋ ಕೊಡದೆ ತೆಗೆಯುವಂತಿಲ್ಲ. ನಿನ್ನ ಗೆಳತಿ ಗಾರ್ಮೆಂಟ್ಸಿನಲ್ಲಿ ಕ್ವಾಲಿಟಿ ನೋಡುತ್ತಾಳಲ್ಲ, ಅವಳ ಸಂಬಳ ತಿಂಗಳಿಗೆ 21,000 ರೂಪಾಯಿಯೊಳಗೆ ಇದ್ದರೆ ಇಎಸ್‌ಐ ವ್ಯಾಪ್ತಿಗೆ ಬರುತ್ತಾಳೆ. ಅವಳ ಸಂಬಳದಿಂದ 0.75 ಶೇಕಡಾ, ಮಾಲೀಕನಿಂದ 3.25 ಶೇಕಡಾ ಅದಕ್ಕೆ ಹೋಗುತ್ತಿರುತ್ತದೆ. ಚಿಕಿತ್ಸೆ, ಔಷಧ ಅಲ್ಲಿ ಸಿಗಬೇಕು. ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನದವರೆಗೆ ಕೂಲಿಯ 70 ಶೇಕಡಾ ಭತ್ಯೆಯೂ ಉಂಟು. ಕಾರ್ಡು ಮಾಡಿಸಿ ಪೆಟ್ಟಿಗೆಯಲ್ಲಿಟ್ಟವರನ್ನು ನಾನು ಬಹಳ ನೋಡಿದ್ದೇನೆ. ಅವಳಿಗೆ ಹೇಳು, ಡಿಸ್ಪೆನ್ಸರಿಗೆ ಹೋಗಿ ಕೇಳಲಿ.

ಹೊರದೇಶದ ಒಂದು ಪ್ರಕರಣ ನಿನಗೆ ಗೊತ್ತಿರಲಿ, ನಮ್ಮ ಎಷ್ಟೋ ಮಕ್ಕಳು ಅಲ್ಲಿಗೂ ಕೆಲಸಕ್ಕೆ ಹೋಗುತ್ತಾರೆ. ಅಮೆರಿಕದ ಟೆನ್ನೆಸ್ಸಿ ರಾಜ್ಯದ ಮೇರಿವಿಲ್ ಎಂಬ ಊರಿನ ಡಾಲರ್ ಜನರಲ್ ಅಂಗಡಿಯಲ್ಲಿ ಇನ್ಸುಲಿನ್ ಅವಲಂಬಿಸಿದ್ದ ಒಬ್ಬ ಕ್ಯಾಷಿಯರ್ ಇದ್ದಳು. ಕೌಂಟರಿನಲ್ಲಿ ಜ್ಯೂಸ್ ಇಟ್ಟುಕೊಳ್ಳುತ್ತೇನೆ ಎಂದು ಕೇಳಿದಳು, ಬೇಡ ಅಂದರು. ಒಬ್ಬಳೇ ಡ್ಯೂಟಿಯಲ್ಲಿದ್ದಾಗ ಶುಗರ್ ಇಳಿಯಿತು. ಅಂಗಡಿಯದೇ ಕಿತ್ತಳೆ ಜ್ಯೂಸ್ ಕುಡಿದಳು, ಸುಧಾರಿಸಿಕೊಂಡ ಮೇಲೆ ದುಡ್ಡೂ ಕಟ್ಟಿದಳು. ಎರಡು ಡಾಲರೂ ಆಗದ ಬಾಟಲಿ ಅದು. ಹಣ ಕಟ್ಟುವ ಮೊದಲು ಸರಕು ಬಳಸಿದಳು ಎಂದು ಕೆಲಸದಿಂದ ತೆಗೆದರು. ಅಲ್ಲಿನ ಸಮಾನ ಉದ್ಯೋಗಾವಕಾಶ ಆಯೋಗ ಅವಳ ಪರ ಮೊಕದ್ದಮೆ ಹೂಡಿತು. 2016ರಲ್ಲಿ ಜ್ಯೂರಿ ಅವಳಿಗೆ 2,77,565 ಡಾಲರ್ ಕೊಡಿಸಿತು, 2018ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನೇ ಎತ್ತಿಹಿಡಿಯಿತು. ಒಂದು ಬಾಟಲಿ ಜ್ಯೂಸಿಗೆ ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು. ಹೊಣೆಗೆ ಹೆದರುವ ಮ್ಯಾನೇಜರುಗಳು ಈ ಲೆಕ್ಕವನ್ನು ಬಿಡಿಸಿ ನೋಡಬೇಕು. ನೌಕರಳು ಕೇಳಿದ ಅನುಕೂಲ ಮಾಡಿಕೊಟ್ಟು ಸಿಕ್ಕಿಬಿದ್ದ ಕಂಪನಿಯನ್ನು ನಾನು ಕಂಡಿಲ್ಲ. ಕೇಳಿದರೂ ಕೊಡದೆ, ಗೊತ್ತಿದ್ದೂ ಸುಮ್ಮನಿದ್ದು ಸಿಕ್ಕಿಬೀಳುವುದು ಹೀಗೆ.

ಫ್ರಿಜ್ಜಿನ ವಿಷಯಕ್ಕೆ ಬರುತ್ತೇನೆ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಬಳಸುತ್ತಿರುವ ಪೆನ್ನು ತಂಪಾದ ಕೋಣೆಯಲ್ಲಿ ಸಾಮಾನ್ಯವಾಗಿ ನಾಲ್ಕು ವಾರ ತಾಳುತ್ತದೆ. ಹಾಗಾಗಿ ದಿನದ ಪೆನ್ನು ನಿನ್ನ ಬ್ಯಾಗಿನಲ್ಲೇ ಇರಲಿ, ಆಫೀಸಿನ ಫ್ರಿಜ್ಜನ್ನು ನಂಬಬೇಡ. ಪ್ಯಾಂಟ್ರಿಯ ಫ್ರಿಜ್ಜು ಸಾರ್ವಜನಿಕ ಆಸ್ತಿ. ಯಾರದೋ ಹುಟ್ಟುಹಬ್ಬದ ಕೇಕಿಗೆ ಜಾಗ ಮಾಡಲು ನಿನ್ನ ಪೆಟ್ಟಿಗೆಯನ್ನು ಫ್ರೀಜರಿಗೆ ತಳ್ಳುತ್ತಾರೆ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ನೋಡಲು ಮೊದಲಿನ ಹಾಗೇ ಕಂಡರೂ ನಂಬುವಂತಿಲ್ಲ, ಎಸೆಯಲೇಬೇಕು. ಅಲ್ಲಿ ಇಡಲೇಬೇಕಾದರೆ ಹೆಸರು ಬರೆದ, ಮುಚ್ಚಳ ಗಟ್ಟಿಯಿರುವ ಡಬ್ಬಿಯಲ್ಲಿಟ್ಟು ನಡುವಿನ ಶೆಲ್ಫಿನಲ್ಲಿಡು. ಸ್ಕೂಟರಿನ ಡಿಕ್ಕಿಯಲ್ಲಿ, ನಿಲ್ಲಿಸಿದ ಕಾರಿನಲ್ಲಿ ಬಿಡುವುದೂ ಬೇಡ. ರಾಯಚೂರು, ಕಲಬುರಗಿಯ ಬೇಸಿಗೆಗೆ ಕೆಲಸದ ಮೇಲೆ ಹೋದಾಗ ಇನ್ನೂ ಹುಷಾರು. ವಿಮಾನದಲ್ಲಿ ಹೋದರೆ ಕೈಚೀಲದಲ್ಲೇ, ಡಾಕ್ಟರ ಚೀಟಿಯ ಜೊತೆ.

ಊರಲ್ಲದ ಊರಿನಲ್ಲಿ ಇನ್ಸುಲಿನ್ ಮುಗಿದು ಮೆಡಿಕಲ್ ಸ್ಟೋರಿನಲ್ಲಿ ಬಾಟ್ಲಿ ಕೊಳ್ಳಬೇಕಾಗಿ ಬಂದರೆ ಒಂದು ಎಚ್ಚರ. ನಮ್ಮ ದೇಶದಲ್ಲಿ ಬಾಟ್ಲಿಯ ಇನ್ಸುಲಿನ್ ಹೆಚ್ಚಾಗಿ ಮಿಲಿಲೀಟರಿಗೆ 40 ಯೂನಿಟ್ ಇರುತ್ತದೆ, ನಿನ್ನ ಪೆನ್ನಿನದು 100 ಯೂನಿಟ್. ಕೆಂಪು ಮುಚ್ಚಳದ ಸಿರಿಂಜು 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. ಅದಲು ಬದಲಾದರೆ ಡೋಸು ಎರಡೂವರೆ ಪಟ್ಟು ಏರುಪೇರಾಗುತ್ತದೆ. ಬಾಟ್ಲಿಯ ಮೇಲಿನ ಅಂಕಿ, ಸಿರಿಂಜಿನ ಮೇಲಿನ ಅಂಕಿ ಎರಡನ್ನೂ ಅಂಗಡಿಯವನ ಎದುರಿಗೇ ಹೊಂದಿಸಿ ನೋಡು. ಪೆನ್ನನ್ನು ಯಾರಿಗೂ ಸಾಲ ಕೊಡಬೇಡ, ಸೂಜಿ ಬದಲಿಸಿದರೂ ಬೇಡ. ರಕ್ತದ ಸೋಂಕು ಕಾರ್ಟ್ರಿಜ್ಜಿನೊಳಗೇ ಕೂರಬಲ್ಲದು.

ಇಷ್ಟು ಹೊತ್ತು ನಿನಗೆ ಬರಬೇಕಾದ್ದನ್ನು ಹೇಳಿದೆ. ನೀನು ಇತರರಿಗೆ ಕೊಡಬೇಕಾದ್ದೂ ಇದೆ, ಅದರಲ್ಲಿ ನಾನು ಸ್ವಲ್ಪವೂ ಸಡಿಲ ಬಿಡುವವಳಲ್ಲ. ಸಂಜೆ ಹೊತ್ತು ನಿಮ್ಮ ಫ್ಲೋರಿನಲ್ಲಿ ಹೌಸ್‌ಕೀಪಿಂಗ್ ಹೆಂಗಸು ಕಸ ತೆಗೆಯುವುದನ್ನು ಒಂದು ದಿನ ನಿಂತು ನೋಡು. ಡಬ್ಬಿಯಿಂದ ಡಬ್ಬಿಗೆ ಹೋಗುತ್ತಾಳೆ, ಕಪ್ಪು ಚೀಲಕ್ಕೆ ಸುರಿಯುತ್ತಾಳೆ. ಚೀಲ ತುಂಬಿತು ಅನ್ನಿಸಿದಾಗ ಇನ್ನೊಂದಿಷ್ಟು ಹಿಡಿಯಲಿ ಎಂದು ಅಂಗೈಯಿಂದ ಒತ್ತುತ್ತಾಳೆ. ತೆಳ್ಳನೆಯ ಗ್ಲೌಸು ಕೊಟ್ಟಿದ್ದರೂ ಉಂಟು, ಇಲ್ಲದಿದ್ದರೂ ಉಂಟು. ನೀನು ಕಾಗದದಲ್ಲಿ ಸುತ್ತಿ ಎಸೆದ ನಾಲ್ಕು ಮಿಲಿಮೀಟರಿನ ಸೂಜಿ ಆ ಅಂಗೈಗೇ ಕಾದಿರುತ್ತದೆ. ಅವಳು ಕಾಂಟ್ರಾಕ್ಟಿನವಳು. ಚುಚ್ಚಿತು ಎಂದು ಹೇಳಿದರೆ ಕೆಲಸ ಹೋದೀತೆಂದು ಸೆರಗಿಗೆ ಒರೆಸಿಕೊಂಡು ಮುಂದೆ ಹೋಗುತ್ತಾಳೆ. ಯಾರ ಸೂಜಿ, ಏನು ಸೋಂಕು ಎಂದು ಅವಳಿಗೆ ಗೊತ್ತಾಗುವ ದಾರಿಯೇ ಇಲ್ಲ.

ಆದ್ದರಿಂದ ಬಳಸಿದ ಸೂಜಿ ಆಫೀಸಿನ ಕಸದ ಡಬ್ಬಿಗೆ ಒಮ್ಮೆಯೂ ಬೀಳಕೂಡದು. ಗಟ್ಟಿ ಪ್ಲಾಸ್ಟಿಕ್ಕಿನ, ತಿರುಪಿನ ಮುಚ್ಚಳದ ಸಣ್ಣ ಡಬ್ಬಿ ಕಿಟ್ಟಿನಲ್ಲೇ ಇರಲಿ. ಮುಕ್ಕಾಲು ತುಂಬಿದ ಮೇಲೆ ಟೇಪು ಸುತ್ತಿ, ನೀನು ತೋರಿಸುವ ಆಸ್ಪತ್ರೆಯಲ್ಲಿ ತೆಗೆದುಕೊಳ್ಳುತ್ತಾರೆಯೇ ಕೇಳಿ ಅಲ್ಲಿಗೆ ಕೊಡು. 2016ರ ಘನತ್ಯಾಜ್ಯ ನಿಯಮಗಳು ಮನೆಯಲ್ಲಿ ಬಳಸಿ ಬಿಟ್ಟ ಸೂಜಿ, ಸಿರಿಂಜನ್ನು ಅಪಾಯಕಾರಿ ಗೃಹತ್ಯಾಜ್ಯವೆಂದೇ ಎಣಿಸಿ ಬೇರೆಯಾಗಿ ಕೊಡಬೇಕೆಂದಿದ್ದವು. ಕಂಪನಿಗೂ ಇಲ್ಲಿ ಕೆಲಸವಿದೆ. ನೀನು ಬಳಸುವ ಕೋಣೆಯಲ್ಲಿ ಸೂಜಿ ಹಾಕುವ ಒಂದು ಗಟ್ಟಿ ಡಬ್ಬಿ ಇಡಿಸುವುದು, ಹೌಸ್‌ಕೀಪಿಂಗಿನವರಿಗೆ ದಪ್ಪ ಗ್ಲೌಸು ಕೊಟ್ಟು, ಚೀಲವನ್ನು ಕೈಯಿಂದ ಒತ್ತಬಾರದೆಂದು ತಿಳಿಸುವುದು. ಯಾರಿಗಾದರೂ ಚುಚ್ಚಿದರೆ ಹಿಂಡಬಾರದು. ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆದು, ಆಗಲೇ ಆಸ್ಪತ್ರೆಗೆ ಹೋಗಬೇಕು. ಎಚ್‌ಐವಿ ತಡೆಗೆ ಔಷಧ ಬೇಕೆಂದು ಡಾಕ್ಟರಿಗೆ ಅನಿಸಿದರೆ 72 ಗಂಟೆಯೊಳಗೆ ಶುರುವಾಗಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಹೆಪಟೈಟಿಸ್ ಬಿ ಲಸಿಕೆಯನ್ನು ಈ ಕೆಲಸದವರಿಗೆಲ್ಲ ಮೊದಲೇ ಹಾಕಿಸುವ ಕಂಪನಿಯನ್ನು ನಾನು ಮನಸಾರೆ ಹೊಗಳುತ್ತೇನೆ.

ನೀನು ಗಾಡಿ ಓಡಿಸುತ್ತೀಯಲ್ಲ, ಅದೂ ನಿನ್ನ ಹೊಣೆಯ ಪಟ್ಟಿಗೆ ಸೇರಿದ್ದು. ಡ್ರೈವಿಂಗ್ ಲೈಸೆನ್ಸಿನ ಸ್ವಯಂಘೋಷಣೆಯ ಫಾರಂನಲ್ಲಿ, ಯಾವುದೇ ಕಾರಣದಿಂದ ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪುವುದು, ತಲೆ ಸುತ್ತುವುದು ಉಂಟೇ ಎಂಬ ಪ್ರಶ್ನೆ ಇದೆ. ಡಾಕ್ಟರನ್ನು ಕೇಳಿ ನಿಜ ಬರೆ. ಹೊರಡುವ ಮುನ್ನ ಸಕ್ಕರೆ ನೋಡು, ಲೋ ಆಗಿದ್ದರೆ ಸರಿಹೋದ ಮೇಲೂ ಮುಕ್ಕಾಲು ಗಂಟೆ ಸ್ಟೇರಿಂಗ್ ಮುಟ್ಟಬೇಡ, ಹ್ಯಾಂಡಲ್ಲೂ ಮುಟ್ಟಬೇಡ. ರಾತ್ರಿ ಪಾಳಿಯ ಕ್ಯಾಬಿನಲ್ಲಿ ಹೋಗುವ ದಿನ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಲು ಎಷ್ಟು ಹೊತ್ತೋ ಹೇಳಲಾಗದು, ಬ್ಯಾಗಿನಲ್ಲಿ ಗ್ಲೂಕೋಸ್ ಜೊತೆ ಎರಡು ಬಾಳೆಹಣ್ಣೂ ಇರಲಿ. ಪಾಳಿ ಬದಲಾಗುವ ಮೊದಲು ಡಾಕ್ಟರನ್ನು ಕಂಡು ಡೋಸಿನ ಹೊತ್ತನ್ನು ಹೊಂದಿಸಿಕೊಳ್ಳಬೇಕು. ಹಾಗಾಗಿ ವಾರಕ್ಕೊಂದು ಪಾಳಿ ಬದಲಿಸಬೇಡಿ, ಬದಲಿಸುವುದಾದರೆ ಮೊದಲೇ ತಿಳಿಸಿ ಎಂದು ಕೇಳುವುದು ನ್ಯಾಯವಾದ ಬೇಡಿಕೆ.

ಇದನ್ನೆಲ್ಲ ಹೇಳಿಕೊಳ್ಳಲು ನಾಚಿಕೆ ಅನ್ನಿಸಿದರೆ, ಅದಕ್ಕೆ ಇಷ್ಟೇ ಹೇಳುತ್ತೇನೆ. 1922ರ ಜನವರಿಯಲ್ಲಿ ಟೊರಾಂಟೊದ ಆಸ್ಪತ್ರೆಯಲ್ಲಿ ಹದಿನಾಲ್ಕು ವರ್ಷದ ಲಿಯೊನಾರ್ಡ್ ಥಾಮ್ಸನ್‌ಗೆ ಮೊದಲ ಸಲ ಇನ್ಸುಲಿನ್ ಚುಚ್ಚುವವರೆಗೆ ನಿನ್ನ ಕಾಯಿಲೆ ಬಂದ ಮಕ್ಕಳು ಉಳಿಯುತ್ತಿರಲಿಲ್ಲ. ಈಗ ನಿನ್ನ ಆಫೀಸಿರುವ ಬೆಂಗಳೂರಿನಲ್ಲೇ ಬಯೋಕಾನ್ ಕಂಪನಿ ಇನ್ಸುಲಿನ್ ತಯಾರಿಸುತ್ತದೆ. ಆ ಪೆನ್ನು ಬ್ಯಾಗಿನಲ್ಲಿ ಇರುವುದರಿಂದಲೇ ನೀನು ಓದಿದೆ, ಕೆಲಸ ಹಿಡಿದೆ. ಅದನ್ನು ಕಂಡು ಯಾರಾದರೂ ಹುಬ್ಬು ಹಾರಿಸಿದರೆ ಅದು ಅವರ ಅಜ್ಞಾನ, ನಿನ್ನ ಲೋಪವಲ್ಲ. "ಅಷ್ಟೊಂದು ಸ್ವೀಟ್ ತಿಂತಿದ್ದೆಯಾ?" ಎಂದು ಕೇಳುವವರಿಗೆ, ಟೈಪ್ 1 ಸಿಹಿ ತಿಂದು ಬರುವುದಲ್ಲ ಎಂದು ಒಂದು ಸಲ ಸಮಾಧಾನವಾಗಿ ತಿಳಿಸು. ಎರಡನೇ ಸಲ ಉತ್ತರ ಕೊಡುವ ಅಗತ್ಯ ಇಲ್ಲ.

ನಿನ್ನ ಅಣ್ಣನಿಗೂ ಇದನ್ನು ಓದಲು ಕೊಡು, ಅವನು ಈಗ ಟೀಮ್ ಲೀಡ್. ಅಪ್ಪಾ, ನಿನ್ನ ತಂಡದ ಹುಡುಗನೊಬ್ಬ ಬಂದು ಇನ್ಸುಲಿನ್ ತಗೋತೀನಿ ಸರ್ ಎಂದರೆ, ಅಯ್ಯೋ ಪಾಪ ಅನ್ನಬೇಡ. ಎಷ್ಟು ವರ್ಷದಿಂದ, ಹೇಗೆ ಬಂತು ಎಂದು ವಿಚಾರಣೆಗೂ ಕೂರಬೇಡ. "ನನ್ನಿಂದ ಏನಾಗಬೇಕು?" ಎಂದು ಕೇಳು. ಅವನು ಹೇಳಿದ್ದನ್ನು ಅವನ ಒಪ್ಪಿಗೆ ಇಲ್ಲದೆ ಇನ್ನೊಬ್ಬರ ಕಿವಿಗೆ ಹಾಕಬೇಡ, ತಂಡದ ವಾಟ್ಸಾಪ್ ಗುಂಪಿನಲ್ಲಿ ಒಳ್ಳೆಯ ಉದ್ದೇಶದಿಂದಲೂ ಬೇಡ. ಎತ್ತರದಲ್ಲಿ, ಓಡುವ ಯಂತ್ರದ ಹತ್ತಿರ ಕೆಲಸ ಇದ್ದರೆ ನಿನ್ನ ಊಹೆಯಿಂದ ಅವನನ್ನು ತೆಗೆಯಬೇಡ. ಅವನ ಡಾಕ್ಟರನ್ನೂ ಕಂಪನಿಯ ಡಾಕ್ಟರನ್ನೂ ಕೇಳಿ ಲಿಖಿತವಾಗಿ ತೀರ್ಮಾನ ಮಾಡು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಬೇಕು, ಅದನ್ನು ತರಬೇತಾದವರು ನೋಡಿಕೊಳ್ಳಬೇಕು ಎಂಬುದು ಕಾರ್ಖಾನೆಗಳಲ್ಲಿ 1948ರ ಕಾಯ್ದೆಯಿಂದ ನಡೆದುಬಂದ ನಿಯಮ. ಆದರೆ ಬ್ಯಾಂಡೇಜು, ಮುಲಾಮು ಇರುವ ಆ ಪೆಟ್ಟಿಗೆಯಲ್ಲಿ ಗ್ಲೂಕೋಸ್ ಪೊಟ್ಟಣ ಇರುವುದನ್ನು ನಾನು ಕಂಡದ್ದು ಅಪರೂಪ. ನಿಮ್ಮ ಫ್ಲೋರಿನ ಪೆಟ್ಟಿಗೆಗೆ ನಾಳೆಯೇ ಒಂದು ತಂದು ಹಾಕು. ಅಪ್ರೈಸಲ್ ಹೊತ್ತಿಗೆ, ಅವನು ಶುಗರ್ ನೋಡಿಕೊಳ್ಳಲು ಎದ್ದುಹೋದ ನಿಮಿಷಗಳನ್ನು ಎಣಿಸಬೇಡ. ಸಿಗರೇಟಿಗೆ ಕೆಳಗಿಳಿಯುವವರ ನಿಮಿಷಗಳನ್ನು ಯಾರೂ ಎಣಿಸುತ್ತಿಲ್ಲ.

ಮಗಳೇ, ಪುಟ ತಯಾರಾದ ಮೇಲೆ ಎಚ್‌ಆರ್‌ಗೆ ಇಮೇಲ್ ಮಾಡು, ಬಾಯಿಮಾತಿಗೆ ಬಿಡಬೇಡ. ತಲುಪಿದ್ದಕ್ಕೆ ಉತ್ತರ ಬರುವವರೆಗೆ ನೆನಪಿಸು. ಒಂದು ಪ್ರತಿ ಕಿಟ್ಟಿನಲ್ಲಿ, ಒಂದು ಪ್ರತಿ ಮನೆಯಲ್ಲಿ. ಡೋಸು ಬದಲಾದಾಗ ಹೊಸದು ಬರೆಸು. ಮ್ಯಾನೇಜರ್ ಬದಲಾದ ದಿನವೇ ಅದನ್ನು ಮತ್ತೊಮ್ಮೆ ಕಳಿಸು. ಹಳೆಯವರು ಒಪ್ಪಿಕೊಂಡದ್ದು ಹೊಸಬರಿಗೆ ಗೊತ್ತಿರುವುದಿಲ್ಲ, ಗೊತ್ತು ಮಾಡಿಸುವ ಕೆಲಸವನ್ನು ಯಾರೂ ನಿನ್ನ ಪರವಾಗಿ ಮಾಡುವುದಿಲ್ಲ. ಕರಡು ಬರೆದು ಈ ಭಾನುವಾರದೊಳಗೆ ನನಗೆ ಕಳಿಸು, ನೋಡಿ ತಿದ್ದಿ ಕೊಡುತ್ತೇನೆ.